ಪ್ರತಿನಿಧಿ ಕ್ರೈಸ್ತರು, ನಾನು ದೇವರನ್ನೇ ನಂಬದವಳು. ಅವರು ನನ್ನನ್ನೂ ಸರಿಸಮನಾಗಿ ಪ್ರತಿನಿಧಿಸುತ್ತಾರಾ?

ಪ್ರಶ್ನೆ

ನಮ್ಮ ಕ್ಷೇತ್ರದಲ್ಲಿ ಈ ಸಲ ಗೆದ್ದು ಬಂದವರು ಕ್ರೈಸ್ತರು. ಅದನ್ನು ಅವರು ಯಾವತ್ತೂ ಮುಚ್ಚಿಟ್ಟಿಲ್ಲ. ಪ್ರಚಾರದಲ್ಲೂ ಹೇಳುತ್ತಿದ್ದರು, ಗೆದ್ದ ಮೇಲೂ ಹೇಳುತ್ತಾರೆ. ದೊಡ್ಡ ತೀರ್ಮಾನ ತೆಗೆದುಕೊಳ್ಳುವ ಮೊದಲು ಪ್ರಾರ್ಥನೆ ಮಾಡುತ್ತೇನೆ, ಬೈಬಲ್ ನನಗೆ ದಾರಿ ತೋರಿಸುತ್ತದೆ ಅಂತ ತುಂಬಿದ ಸಭೆಯಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ನಾನು ದೇವರನ್ನು ನಂಬುವವಳಲ್ಲ. ಅವರಿಗೆ ಮತ ಹಾಕಿದವಳೂ ಅಲ್ಲ. ಹಾಗಂತ ಅವರ ಮೇಲೆ ಸಿಟ್ಟೇನೂ ಇಲ್ಲ. ಕೆಲಸ ಮಾಡುವ ಮನುಷ್ಯ. ದುಡ್ಡಿನ ವಿಷಯದಲ್ಲಿ ಅವರ ಬಗ್ಗೆ ಕೆಟ್ಟ ಮಾತು ಕೇಳಿಲ್ಲ. ಅದಕ್ಕೇ ಈ ಪ್ರಶ್ನೆ ಜಾಸ್ತಿ ಕಾಡುತ್ತಿದೆ. ಕೆಟ್ಟವರಾಗಿದ್ದರೆ ಮುಂದಿನ ಚುನಾವಣೆಯಲ್ಲಿ ಸೋಲಿಸಿದರಾಯ್ತು ಅಂತ ಸುಮ್ಮನಿರುತ್ತಿದ್ದೆ.

ವಿಷಯ ಮನೆಯೊಳಗೇ ಇದೆ. ನನ್ನ ತಂಗಿ ಇನ್ನೊಬ್ಬ ಹೆಣ್ಣಿನ ಜೊತೆ ಸಂಸಾರ ಮಾಡುತ್ತಿದ್ದಾಳೆ. ಅವರಿಬ್ಬರ ಮನೆಯ ಕಾಗದಪತ್ರ ಒಂದು ಸರ್ಕಾರಿ ಕಚೇರಿಯಲ್ಲಿ ಸಿಕ್ಕಿಕೊಂಡಿದೆ. ಪ್ರತಿನಿಧಿಯ ಕಚೇರಿಗೆ ಹೋಗಿ ಒಂದು ಅರ್ಜಿ ಕೊಡು, ಅವರು ಒಂದು ಮಾತು ಬರೆದರೆ ಕಡತ ಅಲ್ಲಾಡುತ್ತದೆ ಅಂತ ನಾನು ಹೇಳಿದೆ. ಅವಳು ಹೋಗಲೇ ಇಲ್ಲ. "ನನ್ನ ಬದುಕೇ ಪಾಪ ಅಂತ ನಂಬಿದವರ ಮುಂದೆ ನಿಂತು ನಾನ್ಯಾಕೆ ಸಹಾಯ ಕೇಳಲಿ?" ಅಂತಾಳೆ. ಅವರು ಹಾಗೆ ನಂಬುತ್ತಾರೋ ಇಲ್ಲವೋ ನಮಗಿಬ್ಬರಿಗೂ ಗೊತ್ತಿಲ್ಲ. ಅವರು ಆ ಬಗ್ಗೆ ಮಾತಾಡಿದ್ದೇ ಇಲ್ಲ.

ಇನ್ನೊಂದು ಕಡೆ ನನ್ನ ಗಂಡ ಕೇಳುತ್ತಾರೆ, "ದೇವರನ್ನು ನಂಬದವರು ಗೆದ್ದಿದ್ದರೆ ಈ ಪ್ರಶ್ನೆ ಕೇಳುತ್ತಿದ್ದೆಯಾ? ಅವರು ನಂಬುವವರನ್ನು ಸರಿಯಾಗಿ ನೋಡಿಕೊಳ್ಳುತ್ತಾರಾ ಅಂತ ತಲೆ ಕೆಡಿಸಿಕೊಳ್ಳುತ್ತಿದ್ದೆಯಾ?" ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನಂಬಿಕೆ ಇರುವ ರಾಜಕಾರಣಿ ಎಲ್ಲರನ್ನೂ ಸಮಾನವಾಗಿ ಪ್ರತಿನಿಧಿಸಲು ಆಗುತ್ತದಾ? ನಡೆದ ಉದಾಹರಣೆ ಇದ್ದರೆ ದಯವಿಟ್ಟು ಹೇಳಿ. ಯಾವ ಧರ್ಮವನ್ನೂ ಬೈಯುವ ಉತ್ತರ ನನಗೆ ಬೇಡ.

ಉತ್ತರ 1

ನನ್ನ ಪ್ರಕಾರ ಇದಕ್ಕೆ 1960ರಲ್ಲೇ ಉತ್ತರ ಸಿಕ್ಕಿದೆ. ಜಾನ್ ಎಫ್. ಕೆನಡಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಕಥೋಲಿಕರು ಅನ್ನುವುದೇ ದೊಡ್ಡ ಚರ್ಚೆಯಾಗಿತ್ತು. ಗೆದ್ದರೆ ಪೋಪ್ ಮಾತಿನಂತೆ ದೇಶ ನಡೆಸುತ್ತಾರೆ ಅಂತ ಎಷ್ಟೋ ಜನ ಹೆದರಿದ್ದರು. 1928ರಲ್ಲಿ ಆಲ್ ಸ್ಮಿತ್ ಅನ್ನುವ ಕಥೋಲಿಕ ಅಭ್ಯರ್ಥಿ ಸೋತಿದ್ದರು. ಅದಕ್ಕೆ ಅವರ ಧರ್ಮವೂ ಒಂದು ಕಾರಣವಾಗಿತ್ತು.

ಕೆನಡಿ ಓಡಿಹೋಗಲಿಲ್ಲ. ಸೆಪ್ಟೆಂಬರ್ 12ರಂದು ಹ್ಯೂಸ್ಟನ್‌ನಲ್ಲಿ ಪ್ರೊಟೆಸ್ಟೆಂಟ್ ಪಾದ್ರಿಗಳ ಸಭೆಗೇ ಹೋಗಿ ನಿಂತರು. ಚರ್ಚ್ ಮತ್ತು ಸರ್ಕಾರ ಪೂರ್ತಿ ಬೇರೆ ಬೇರೆ ಇರಬೇಕು, ಯಾವ ಬಿಷಪ್ಪೂ ಅಧ್ಯಕ್ಷರಿಗೆ ಹೀಗೆ ಮಾಡು ಅಂತ ಹೇಳಬಾರದು, ನನ್ನ ಆತ್ಮಸಾಕ್ಷಿಗೂ ದೇಶದ ಹಿತಕ್ಕೂ ಹೊಂದಿಕೆಯಾಗದ ದಿನ ಬಂದರೆ ರಾಜೀನಾಮೆ ಕೊಡುತ್ತೇನೆ ಎಂದರು. ಆಮೇಲೆ ಆ ಪಾದ್ರಿಗಳು ಕೇಳಿದ ಪ್ರಶ್ನೆಗಳಿಗೂ ಉತ್ತರಿಸಿದರು.

ನಂಬಿಕೆ ಮನೆಯಲ್ಲಿರಲಿ, ಕಚೇರಿಗೆ ತರಬೇಡಿ. ನಿಮ್ಮ ಪ್ರತಿನಿಧಿಗೂ ಇಷ್ಟು ಹೇಳಿದರೆ ಸಾಕು.

ಉತ್ತರ 2

ಮೇಲಿನ ಉತ್ತರ ಓದಲು ಸರಳವಾಗಿದೆ. ಆದರೆ ಅದರಿಂದ ನಿಮ್ಮ ತಂಗಿಗೆ ಏನೂ ಸಿಗುವುದಿಲ್ಲ. ನಾನು ಹಲವು ವರ್ಷ ಒಬ್ಬ ಜನಪ್ರತಿನಿಧಿಯ ಕಚೇರಿಯಲ್ಲಿ ಅರ್ಜಿಗಳ ಮೇಜು ನೋಡಿಕೊಂಡವನು. ಅವರೂ ಕ್ರೈಸ್ತರು, ಭಾನುವಾರ ಆರಾಧನೆ ತಪ್ಪಿಸದವರು. ನಾನು ಕ್ರೈಸ್ತನಲ್ಲ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಜನ ಚಪ್ಪಲಿ ಬಿಟ್ಟ ಹಾಗೆ ನಂಬಿಕೆಯನ್ನು ಬಾಗಿಲಲ್ಲಿ ಬಿಟ್ಟು ಬರುವುದಿಲ್ಲ. ದೇವರನ್ನು ನಂಬದವರೂ ತಮ್ಮ ನ್ಯಾಯ-ಅನ್ಯಾಯದ ಲೆಕ್ಕವನ್ನು ಬಿಟ್ಟು ಬರುವುದಿಲ್ಲ. ಹಾಗಾಗಿ "ಮನೆಯಲ್ಲಿಟ್ಟು ಬನ್ನಿ" ಅಂತ ಕೇಳಿದರೆ, ಅವರು "ಆಯ್ತು" ಅನ್ನುತ್ತಾರೆ, ನಂಬಿಕೆ ಅವರ ಜೊತೆಗೇ ಇರುತ್ತದೆ. ನಮಗೆ ಕಾಣಿಸುವುದಿಲ್ಲ ಅಷ್ಟೇ.

ಪ್ರತಿನಿಧಿಯ ಕೆಲಸದಲ್ಲಿ ಎರಡು ಭಾಗ ಇವೆ. ಇವೆರಡನ್ನು ಕಲಸಿಬಿಟ್ಟರೆ ಈ ಚರ್ಚೆ ಎಲ್ಲಿಗೂ ಹೋಗುವುದಿಲ್ಲ. ಒಂದು, ಜನರ ಅರ್ಜಿ ನೋಡುವುದು. ಪಿಂಚಣಿ ನಿಂತುಹೋಗಿದೆ, ಆಸ್ಪತ್ರೆಯಲ್ಲಿ ದಾಖಲು ಮಾಡಿಕೊಳ್ಳುತ್ತಿಲ್ಲ, ಮನೆಯ ಕಡತ ಸಿಕ್ಕಿಕೊಂಡಿದೆ, ಇಂಥವು. ಇನ್ನೊಂದು, ಸದನದಲ್ಲಿ ಕಾನೂನಿಗೆ ಕೈ ಎತ್ತುವುದು. ಮೊದಲನೆಯದರಲ್ಲಿ ಸಮಾನತೆ ಪೂರ್ತಿ ಸಾಧ್ಯ. ಎರಡನೆಯದರಲ್ಲಿ ಯಾರಿಗೂ ಸಾಧ್ಯವಿಲ್ಲ, ಯಾಕೆಂದರೆ ಇರುವುದು ಒಂದೇ ಕೈ, ಕ್ಷೇತ್ರದಲ್ಲಿ ಅಭಿಪ್ರಾಯ ಎರಡೂ ಕಡೆ ಇರುತ್ತವೆ.

ಅರ್ಜಿಯ ವಿಷಯ ಮೊದಲು ಹೇಳುತ್ತೇನೆ. ನಮ್ಮ ಮೇಜಿಗೆ ಬಂದ ಅರ್ಜಿಗಳಲ್ಲಿ ಹೆಸರು, ವಿಳಾಸ, ತೊಂದರೆ, ಯಾವ ಇಲಾಖೆ, ಇಷ್ಟು ಬರೆದುಕೊಳ್ಳುತ್ತಿದ್ದೆವು. ಧರ್ಮ ಕೇಳುವ ಜಾಗವೇ ಇರಲಿಲ್ಲ. ಯಾರಿಗೆ ಮತ ಹಾಕಿದಿರಿ ಅಂತಲೂ ಕೇಳುತ್ತಿರಲಿಲ್ಲ. ಮುಖದ ಮೇಲೆ ಬಾಗಿಲು ಹಾಕಿದ್ದನ್ನು ನಾನು ಅಲ್ಲಿ ನೋಡಿಲ್ಲ. ಪಕ್ಷಪಾತ ಬಂದರೆ ಆ ದಾರಿಯಲ್ಲಿ ಬರುವುದೂ ಇಲ್ಲ.

ಅದು ಬರುವ ದಾರಿ ಬೇರೆ. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಜನ ಅವರ ಸುತ್ತ ನಿಲ್ಲುತ್ತಿದ್ದರು. ಒಬ್ಬರು ಮಗಳ ಕೆಲಸದ ವಿಷಯ ಹೇಳುತ್ತಾರೆ. ಇನ್ನೊಬ್ಬರು ಅಳಿಯನ ವರ್ಗಾವಣೆ ಬಗ್ಗೆ ಹೇಳುತ್ತಾರೆ. ಅವರಿಗೆ ಕಚೇರಿಗೆ ಬರುವ ಅಗತ್ಯವೇ ಇಲ್ಲ. ಸೋಮವಾರ ಬೆಳಿಗ್ಗೆ ನಮ್ಮ ಸಾಹೇಬರು ಜೇಬಿನಿಂದ ಚೀಟಿ ತೆಗೆದು "ಇದನ್ನು ಸ್ವಲ್ಪ ನೋಡಿ" ಅನ್ನುತ್ತಿದ್ದರು. ಅದರಲ್ಲಿ ಕೆಟ್ಟ ಉದ್ದೇಶ ಒಂದಿಷ್ಟೂ ಇರಲಿಲ್ಲ. ಆದರೆ ಚೀಟಿಯಲ್ಲಿದ್ದ ಹೆಸರು ಮೇಲಕ್ಕೆ ಬಂತು. ಸರದಿಯಲ್ಲಿ ಬಂದು ಕಾಗದ ಕೊಟ್ಟು ಹೋದವರು ಕೆಳಗೆ ಉಳಿದರು.

ಕಚೇರಿಯ ಹಿರಿಯ ಸಹಾಯಕಿ ಒಬ್ಬರು ಇದನ್ನು ಅವರ ಎದುರೇ ಹೇಳಿದರು. ಆಮೇಲೆ ಒಂದು ಪದ್ಧತಿ ಬಂತು. ಚರ್ಚಿನಲ್ಲಿ ಹೇಳಿದ್ದಾಗಲಿ, ಮದುವೆ ಮನೆಯಲ್ಲಿ ಹೇಳಿದ್ದಾಗಲಿ, ಫೋನಿನಲ್ಲಿ ಹೇಳಿದ್ದಾಗಲಿ, ಎಲ್ಲವೂ ಅದೇ ರಿಜಿಸ್ಟರಿನಲ್ಲಿ ಅದೇ ದಿನಾಂಕದ ಸಾಲಿನಲ್ಲಿ ಬರೆಯಬೇಕು. ಚೀಟಿ ಕೊಟ್ಟರೂ ಸರದಿ ಮುರಿಯಬಾರದು. ತುರ್ತು ಅಂದರೆ ಕಾಯಿಲೆ, ಬಂಧನ, ಮನೆ ಖಾಲಿ ಮಾಡಿಸುವ ನೋಟಿಸು, ಇಷ್ಟೇ. ಸಾಹೇಬರು ಒಪ್ಪಿದರು. ಒಪ್ಪಿದ್ದು ಯಾಕೆ ಅಂತ ಅವರೇ ಹೇಳಿದ್ದು ನೆನಪಿದೆ: ತಮ್ಮ ನಂಬಿಕೆಯ ಪ್ರಕಾರವೇ ಇದು ಸರಿ ಎಂದರು. ನಂಬಿಕೆ ಇಲ್ಲಿ ಅಡ್ಡ ಬರಲಿಲ್ಲ, ನೆರವಿಗೇ ಬಂತು. ಆದರೆ ಪದ್ಧತಿ ಇಲ್ಲದಿದ್ದರೆ ಆ ನಂಬಿಕೆಯೊಂದರಿಂದಲೇ ಸರದಿ ಸರಿಯಾಗುತ್ತಿರಲಿಲ್ಲ ಅನ್ನುವುದನ್ನೂ ಹೇಳಲೇಬೇಕು.

ಅಲ್ಲಿ ನಾನು ಕಂಡ ಇನ್ನೊಂದು ಸಂಗತಿ ನಿಮ್ಮ ತಂಗಿಗೆ ಸಂಬಂಧಿಸಿದ್ದು. ಬಂದವರನ್ನು ಸಮಾನವಾಗಿ ನೋಡುವುದು ಅರ್ಧ ಕೆಲಸ. ಬಾರದೇ ಉಳಿದವರು ಯಾವ ರಿಜಿಸ್ಟರಿನಲ್ಲೂ ಕಾಣುವುದಿಲ್ಲ. "ನಮ್ಮಲ್ಲಿ ಯಾರಿಗೂ ಭೇದ ಮಾಡಿಲ್ಲ" ಅಂತ ಪ್ರತಿನಿಧಿ ಎದೆ ತಟ್ಟಿ ಹೇಳಬಹುದು, ಅದು ನಿಜವೂ ಇರಬಹುದು. ಹೆದರಿ ಬಾರದವರ ಲೆಕ್ಕ ಅದರಲ್ಲಿ ಇರುವುದಿಲ್ಲ. ತನ್ನ ನಂಬಿಕೆಯನ್ನು ವೇದಿಕೆಯಲ್ಲಿ ಹೇಳುವ ರಾಜಕಾರಣಿಗೆ ಅದರ ಜೊತೆಗೇ ಒಂದು ಹೆಚ್ಚಿನ ಕೆಲಸ ಬರುತ್ತದೆ. "ನೀವು ಯಾರೇ ಆಗಿರಿ, ಹೇಗೇ ಬದುಕುತ್ತಿರಿ, ನನ್ನ ಕಚೇರಿಗೆ ಬನ್ನಿ" ಅನ್ನುವುದನ್ನೂ ಅದೇ ವೇದಿಕೆಯಲ್ಲಿ, ಅಷ್ಟೇ ಗಟ್ಟಿಯಾಗಿ ಹೇಳಬೇಕು. ನಿಮ್ಮ ಪ್ರತಿನಿಧಿ ಅದನ್ನು ಹೇಳಿಲ್ಲ ಅಂತ ಕಾಣುತ್ತದೆ. ಕೊರತೆ ಇರುವುದು ಅಲ್ಲಿ.

ಕಚೇರಿಯಲ್ಲಿ ನಂಬಿಕೆ ಅಡ್ಡ ಬಂದ ಪ್ರಸಂಗವೂ ಇದೆ. ಅಮೆರಿಕದ ಕೆಂಟಕಿಯ ರೋವನ್ ಕೌಂಟಿಯಲ್ಲಿ ಕಿಮ್ ಡೇವಿಸ್ ಎಂಬವರು ಚುನಾಯಿತ ಕ್ಲರ್ಕ್ ಆಗಿದ್ದರು. ಮದುವೆಯ ಲೈಸೆನ್ಸ್ ಕೊಡುವುದು ಅವರ ಕಚೇರಿಯ ಕೆಲಸ. 2015ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಂದೇ ಲಿಂಗದವರ ಮದುವೆಯನ್ನು ಒಪ್ಪಿದ ಮೇಲೆ ಅವರು ಯಾರಿಗೂ ಲೈಸೆನ್ಸ್ ಕೊಡುವುದನ್ನು ನಿಲ್ಲಿಸಿಬಿಟ್ಟರು. ದೇವರ ಅಧಿಕಾರದ ಮೇಲೆ ಹೀಗೆ ಮಾಡುತ್ತಿದ್ದೇನೆ ಎಂದರು. ಕೋರ್ಟ್ ಆದೇಶ ಮೀರಿದ್ದಕ್ಕೆ ಸೆಪ್ಟೆಂಬರ್‌ನಲ್ಲಿ ಐದು ದಿನ ಜೈಲಿನಲ್ಲಿದ್ದರು. ಅಷ್ಟರಲ್ಲಿ ಅವರ ಕೈಕೆಳಗಿನವರು ಲೈಸೆನ್ಸ್ ಕೊಡಲು ಶುರು ಮಾಡಿದರು. 2018ರ ಚುನಾವಣೆಯಲ್ಲಿ ಸೋತರು. ಅವರ ನಂಬಿಕೆ ಪ್ರಾಮಾಣಿಕವಾಗಿತ್ತು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಆ ಮೇಜು ಅವರದಲ್ಲ, ಜನರದು. ಆತ್ಮಸಾಕ್ಷಿ ಒಪ್ಪದಿದ್ದರೆ ಮೇಜು ಬಿಟ್ಟು ಏಳಬೇಕಿತ್ತು.

ಎದ್ದು ತೋರಿಸಿದವರೂ ಇದ್ದಾರೆ. ಬೆಲ್ಜಿಯಂನ ದೊರೆ ಬೊದುವಾಂ ಗಟ್ಟಿ ಕಥೋಲಿಕರು. 1990ರಲ್ಲಿ ಸಂಸತ್ತು ಗರ್ಭಪಾತದ ಕಾನೂನು ಪಾಸು ಮಾಡಿದಾಗ ಸಹಿ ಹಾಕಲು ಅವರ ಮನಸ್ಸು ಒಪ್ಪಲಿಲ್ಲ. ದೇಶದಲ್ಲಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ನನಗೊಬ್ಬನಿಗೆ ಮಾತ್ರ ಇಲ್ಲವೇ ಅಂತ ಪ್ರಧಾನಿಗೆ ಪತ್ರ ಬರೆದರು. ಆದರೆ ಕಾನೂನನ್ನು ತಡೆಯಲಿಲ್ಲ. ಏಪ್ರಿಲ್ 4ರಂದು ಸರ್ಕಾರ "ದೊರೆ ಆಳುವ ಸ್ಥಿತಿಯಲ್ಲಿಲ್ಲ" ಅಂತ ಘೋಷಿಸಿತು. ಮಂತ್ರಿಗಳೇ ಸಹಿ ಹಾಕಿದರು. ಮರುದಿನ ಸಂಸತ್ತು ಅವರನ್ನು ಮತ್ತೆ ಕೂರಿಸಿತು. ಅವರು ಚುನಾಯಿತರಲ್ಲ, ಆ ಉಪಾಯ ಎಲ್ಲರಿಗೂ ಒದಗುವುದೂ ಇಲ್ಲ. ಆದರೂ ತನ್ನ ಮನಸ್ಸನ್ನು ಉಳಿಸಿಕೊಂಡು ಬೇರೆಯವರ ಹಕ್ಕಿಗೆ ಅಡ್ಡ ನಿಲ್ಲದಿರುವುದು ಸಾಧ್ಯ ಅಂತ ಅದರಿಂದ ಗೊತ್ತಾಗುತ್ತದೆ.

ಇನ್ನು ಸದನದ ಮತ. ಅಲ್ಲಿ ನಾನು ಕೇಳುವುದು ಒಂದೇ: ಮೊದಲೇ ಹೇಳಿದಿರಾ? ಸ್ಕಾಟ್ಲೆಂಡಿನ ರಾಜಕಾರಣಿ, ಗಟ್ಟಿ ಕ್ರೈಸ್ತರಾದ ಕೇಟ್ ಫೋರ್ಬ್ಸ್ 2023ರಲ್ಲಿ ಪಕ್ಷದ ನಾಯಕತ್ವಕ್ಕೆ ನಿಂತಾಗ, 2014ರಲ್ಲಿ ಸದನದಲ್ಲಿ ಇದ್ದಿದ್ದರೆ ಒಂದೇ ಲಿಂಗದವರ ಮದುವೆಯ ಕಾನೂನಿನ ವಿರುದ್ಧ ಮತ ಹಾಕುತ್ತಿದ್ದೆ, ಆದರೆ ಈಗ ಇರುವ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ ಅಂತ ನೇರವಾಗಿ ಹೇಳಿದರು. ಬೆಂಬಲಿಸುತ್ತಿದ್ದ ಕೆಲವರು ಅದನ್ನು ಕೇಳಿ ಬಿಟ್ಟುಹೋದರು. ಸುಮಾರು ಶೇ 48ರಷ್ಟು ಮತ ಪಡೆದು ಸೋತರು. ಮರುವರ್ಷ ಉಪ ಮುಖ್ಯಮಂತ್ರಿಯಾದರು. ಅವರ ಅಭಿಪ್ರಾಯ ನನಗೆ ಒಪ್ಪಿಗೆ ಇಲ್ಲ. ಆದರೆ ಮತ ಹಾಕುವವರಿಗೆ ತಾವು ಏನನ್ನು ಆರಿಸುತ್ತಿದ್ದೇವೆ ಅಂತ ಗೊತ್ತಿತ್ತು. ಪ್ರತಿನಿಧಿಯಿಂದ ನಾನು ಬಯಸುವುದು ಅದನ್ನೇ.

ಉತ್ತರ 3

ಎರಡನೇ ಉತ್ತರ ಬರೆದವರ ಅನುಭವಕ್ಕೆ ಗೌರವ ಇದೆ. ಆದರೆ ಅರ್ಜಿ ಬೇರೆ, ಮತ ಬೇರೆ ಅನ್ನುವುದು ಮೇಜಿನ ಆ ಕಡೆ ಕೂತವರಿಗೆ ಸುಲಭ. ನಾನು ಈ ಕಡೆ ನಿಂತವನು. ನಾನೂ ನನ್ನ ಸಂಗಾತಿಯೂ ಗಂಡಸರು. ಬೆಳಿಗ್ಗೆ ಕಚೇರಿಯಲ್ಲಿ ನನ್ನ ಪಿಂಚಣಿಗೆ ಪತ್ರ ಬರೆದುಕೊಡುವ ಮನುಷ್ಯ, ಮಧ್ಯಾಹ್ನ ಸದನದಲ್ಲಿ ನಮ್ಮ ಮನೆ ಮನೆಯೇ ಅಲ್ಲ ಅಂತ ಕೈ ಎತ್ತಿದರೆ, ನನ್ನನ್ನು ಸಮಾನವಾಗಿ ನೋಡಿದರು ಅಂತ ನಾನು ಹೇಗೆ ಒಪ್ಪಲಿ? ಪಿಂಚಣಿ ಪತ್ರ ಒಂದು ದಿನದ ಕೆಲಸ. ಕಾನೂನು ನನ್ನ ಇಡೀ ಬದುಕಿನದು.

ಆತ್ಮಸಾಕ್ಷಿಯ ಮಾತು ಬಂದಾಗಲೆಲ್ಲ ರಾಜಕಾರಣಿಯ ಆತ್ಮಸಾಕ್ಷಿಯ ಬಗ್ಗೆಯೇ ಮಾತಾಡುತ್ತೇವೆ. ಆ ಮತದ ಬೆಲೆ ತೆರುವವರಿಗೂ ಒಂದು ಆತ್ಮಸಾಕ್ಷಿ ಇದೆ ಅಲ್ವಾ? ಜರ್ಮನಿಯಲ್ಲಿ 2017ರ ಜೂನ್ 30ರಂದು ಒಂದೇ ಲಿಂಗದವರ ಮದುವೆಯ ಮಸೂದೆ ಮತಕ್ಕೆ ಬಂದಾಗ ಆದದ್ದು ನೋಡಿ. ಆಗ ಸರ್ಕಾರದ ಮುಖ್ಯಸ್ಥೆಯಾಗಿದ್ದ, ಪಾದ್ರಿಯ ಮಗಳಾದ ಅಂಗೆಲಾ ಮರ್ಕೆಲ್, ಇದು ಆತ್ಮಸಾಕ್ಷಿಯ ವಿಷಯ ಆಗಲಿ ಅಂತ ಕೆಲವೇ ದಿನ ಮೊದಲು ಹೇಳಿ ದಾರಿ ಬಿಟ್ಟರು. ಮತದಾನದ ದಿನ ತಾವು "ಬೇಡ" ಎಂದರು. ಕಾರಣವಾಗಿ ಬೈಬಲ್ ಹೇಳಲಿಲ್ಲ, ಸಂವಿಧಾನದಲ್ಲಿ ಮದುವೆ ಎಂದರೆ ಗಂಡು-ಹೆಣ್ಣಿನದು ಅಂತ ತಮ್ಮ ತಿಳಿವಳಿಕೆ ಎಂದರು. ಮಸೂದೆ 393-226ರಲ್ಲಿ ಪಾಸಾಯಿತು. ಅವರ ಒಂದು ಮತದಿಂದ ಯಾರಿಗೂ ನಷ್ಟ ಆಗಲಿಲ್ಲ, ಹಾಗಾಗಿ ನಾವೆಲ್ಲ ಅವರನ್ನು ಹೊಗಳುತ್ತೇವೆ. ಅಂತರ ಒಂದೇ ಮತದ್ದಾಗಿದ್ದರೆ? ಆಗಲೂ ಹೊಗಳುತ್ತಿದ್ದೆವಾ?

ಪ್ರಶ್ನೆ ಕೇಳಿದವರ ಗಂಡನ ಮಾತಿಗೂ ಒಂದು ಉತ್ತರ ಇದೆ. ನಂಬದವರ ಬಗ್ಗೆ ಈ ಪ್ರಶ್ನೆ ಯಾರೂ ಕೇಳಲಿಲ್ಲ ಅನ್ನುವುದು ನಿಜವಲ್ಲ. ಅವರನ್ನು ಒಳಗೇ ಬಿಡುತ್ತಿರಲಿಲ್ಲ. ಬ್ರಿಟನ್ನಿನಲ್ಲಿ 1847ರಲ್ಲಿ ಲಂಡನ್ ನಗರದ ಜನ ಲಯೊನೆಲ್ ಡಿ ರಾಥ್ಸ್‌ಚೈಲ್ಡ್ ಅವರನ್ನು ಆರಿಸಿದರು. ಅವರು ಯೆಹೂದಿ. ಪ್ರಮಾಣವಚನದಲ್ಲಿ "ಕ್ರೈಸ್ತನ ನಿಜವಾದ ನಂಬಿಕೆಯ ಮೇಲೆ" ಅನ್ನುವ ಮಾತಿತ್ತು. ಅದನ್ನು ಹೇಳಲು ಆಗದೆ 1858ರವರೆಗೆ ಹೊರಗೇ ಉಳಿದರು. 1880ರಲ್ಲಿ ನಾರ್ತಾಂಪ್ಟನ್ ಕ್ಷೇತ್ರ ಚಾರ್ಲ್ಸ್ ಬ್ರಾಡ್ಲಾ ಎಂಬ ನಾಸ್ತಿಕರನ್ನು ಗೆಲ್ಲಿಸಿತು. ಅವರಿಗೆ ಸರಿಯಾಗಿ ಆಸನ ಸಿಕ್ಕಿದ್ದು 1886ರಲ್ಲಿ. ನಡುವೆ ಅದೇ ಕ್ಷೇತ್ರದ ಜನ ಅವರನ್ನು ಮತ್ತೆ ಮತ್ತೆ ಆರಿಸಿ ಕಳಿಸಿದರು. ದೇವರ ಹೆಸರಿಲ್ಲದೆ ಪ್ರಮಾಣ ಮಾಡುವ ಹಕ್ಕು 1888ರಲ್ಲಿ ಕಾನೂನಾಯಿತು. 1886ರವರೆಗೆ ನಾರ್ತಾಂಪ್ಟನ್ನಿನ ಮತದಾರರ ಆ ಆಯ್ಕೆಗೆ ಬೆಲೆ ಇರಲಿಲ್ಲ. ಆ ಮತದಾರರಲ್ಲಿ ಕ್ರೈಸ್ತರೂ ಬೇಕಾದಷ್ಟು ಇದ್ದರು. ಬ್ರಿಟನ್ನಿನ ಮೇಲ್ಮನೆಯಲ್ಲಿ ಇವತ್ತೂ 26 ಬಿಷಪ್‌ಗಳಿಗೆ ಆಸನ ಇದೆ, ಅವರನ್ನು ಯಾರೂ ಮತ ಹಾಕಿ ಕಳಿಸಿಲ್ಲ.

ಹೀಗಿರುವಾಗ ಪ್ರಶ್ನೆ ಕೇಳಿದ್ದಕ್ಕೆ ಆ ಅಕ್ಕ ನಾಚಿಕೊಳ್ಳಬೇಕಿಲ್ಲ. ನಮ್ಮ ಬದುಕಿನ ಮೇಲೆ ಮತ ಹಾಕುವವರನ್ನು ನಾವು ಪ್ರಶ್ನೆ ಕೇಳುತ್ತೇವೆ.

ಉತ್ತರ 4

ನಾನು ಕ್ರೈಸ್ತಳು. ನಮ್ಮ ಸಭೆಯಲ್ಲಿ ಮಕ್ಕಳಿಗೆ ಭಾನುವಾರದ ಪಾಠ ಹೇಳುತ್ತೇನೆ. ಈ ಪ್ರಶ್ನೆ ಓದಿ ನೋವಾಗಲಿಲ್ಲ, ಆ ತಂಗಿ ಕಚೇರಿಗೆ ಹೋಗಲು ಹೆದರಿದ್ದು ಓದಿ ನೋವಾಯಿತು.

ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯದಲ್ಲಿ ಒಂದು ಮಾತಿದೆ. ಚಿನ್ನದ ಉಂಗುರ ಹಾಕಿಕೊಂಡವನು ಸಭೆಗೆ ಬಂದರೆ ಒಳ್ಳೆಯ ಜಾಗ ಕೊಡುತ್ತೀರಿ, ಹರಕು ಬಟ್ಟೆಯ ಬಡವನಿಗೆ ಅಲ್ಲಿ ನಿಲ್ಲು ಅನ್ನುತ್ತೀರಿ, ಹೀಗೆ ಮುಖ ನೋಡಿ ಭೇದ ಮಾಡುವುದು ಪಾಪ ಅಂತ. ಕ್ರೈಸ್ತ ಪ್ರತಿನಿಧಿಗೆ ಅರ್ಜಿಯ ಸರದಿ ಮುರಿಯುವುದು ಬರೀ ಆಡಳಿತದ ತಪ್ಪಲ್ಲ, ಅವರ ಶಾಸ್ತ್ರದ ಪ್ರಕಾರವೂ ತಪ್ಪು. ಅವರು ಬೈಬಲ್ ನನಗೆ ದಾರಿ ಅಂತ ಹೇಳಿದರೆ, ಈ ಅಧ್ಯಾಯವನ್ನು ತೋರಿಸಿ ಕೇಳುವ ಹಕ್ಕು ನಿಮಗೂ ಇದೆ. ನಂಬದವರಿಗೂ ಇದೆ.

ಆದರೆ "ಕ್ರೈಸ್ತ ನಂಬಿಕೆ" ಅಂದ ಕೂಡಲೇ ಯಾವ ಕಡೆಗೆ ಮತ ಬೀಳುತ್ತದೆ ಅಂತ ಊಹಿಸಬೇಡಿ. ವಿಲಿಯಂ ವಿಲ್ಬರ್‌ಫೋರ್ಸ್ ತಮ್ಮ ನಂಬಿಕೆಯಿಂದಲೇ ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದರು, 1807ರಲ್ಲಿ ಬ್ರಿಟಿಷ್ ಸಂಸತ್ತು ಅದನ್ನು ನಿಷೇಧಿಸಿತು. ಅದೇ ಬೈಬಲ್ ಹಿಡಿದು ಗುಲಾಮಗಿರಿ ಸರಿ ಅಂತ ವಾದಿಸಿದವರೂ ಇದ್ದರು. ಜಿಮ್ಮಿ ಕಾರ್ಟರ್ ಅಮೆರಿಕದ ಅಧ್ಯಕ್ಷರಾಗಿ ಇಳಿದ ಮೇಲೂ ತಮ್ಮೂರು ಪ್ಲೇನ್ಸ್‌ನಲ್ಲಿ ಭಾನುವಾರದ ಪಾಠ ಹೇಳುತ್ತಿದ್ದರು. ಹೆಂಗಸರ ಸ್ಥಾನದ ಬಗ್ಗೆ ಒಪ್ಪದೆ 2000ದಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಸಂಘಟನೆಯಿಂದ ದೂರ ಸರಿದರು. ರಾಫೆಲ್ ವಾರ್ನಾಕ್ ಅಟ್ಲಾಂಟಾದ ಎಬೆನೀಜರ್ ಚರ್ಚಿನ ಪಾಸ್ಟರ್, 2021ರಿಂದ ಸೆನೆಟರ್ ಕೂಡ. ಗರ್ಭಪಾತದ ಹಕ್ಕಿನ ಪರ ನಿಂತವರು. ನಮ್ಮ ಸಭೆಯಲ್ಲಿ ಅದನ್ನು ಒಪ್ಪದವರೇ ಜಾಸ್ತಿ. ಆದರೂ ಅವರನ್ನು ಕ್ರೈಸ್ತರಲ್ಲ ಅಂತ ಹೇಳಲು ನಾನ್ಯಾರು?

ಹೊರಗಿನವರಿಗೆ ಕಾಣದ ಒಂದು ಒತ್ತಡ ಒಳಗಿನಿಂದ ಬರುತ್ತದೆ. 2019ರಲ್ಲಿ ಜೋ ಬೈಡನ್ ದಕ್ಷಿಣ ಕೆರೊಲಿನಾದ ಒಂದು ಚರ್ಚಿಗೆ ಹೋದಾಗ, ಗರ್ಭಪಾತದ ಬಗ್ಗೆ ಅವರ ನಿಲುವಿನ ಕಾರಣಕ್ಕೆ ಪಾದ್ರಿ ಪರಮಪ್ರಸಾದ (ಆರಾಧನೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಕೊಡಲಿಲ್ಲ. ನಂಬುವವರಿಗೆ ಅದು ಎಷ್ಟು ದೊಡ್ಡ ಏಟು ಅಂತ ಬೇರೆಯವರಿಗೆ ಗೊತ್ತಾಗಲಿಕ್ಕಿಲ್ಲ. ಎಲ್ಲರನ್ನೂ ಪ್ರತಿನಿಧಿಸಲು ಹೊರಟ ಕ್ರೈಸ್ತ ರಾಜಕಾರಣಿ ಕೆಲವು ಸಲ ತನ್ನ ಪೀಠದ ಎದುರೇ ಬರಿಗೈಯಲ್ಲಿ ವಾಪಸು ಬರಬೇಕಾಗುತ್ತದೆ.

ಹೊರಗಿನಿಂದಲೂ ಒತ್ತಡ ಇದೆ. ಬ್ರಿಟನ್ನಿನ ಟಿಮ್ ಫ್ಯಾರನ್ ಲಿಬರಲ್ ಡೆಮಾಕ್ರಾಟ್ ಪಕ್ಷದ ನಾಯಕರಾಗಿದ್ದಾಗ, ಸಲಿಂಗ ಸಂಬಂಧ ಪಾಪವೋ ಅಲ್ಲವೋ ಅಂತ ಸಂದರ್ಶನದಲ್ಲೆಲ್ಲ ಅದನ್ನೇ ಕೇಳಿದರು. 2013ರಲ್ಲಿ ಆ ಮದುವೆಯ ಮಸೂದೆ ಎರಡನೇ ಓದಿಗೆ, ಅಂದರೆ ಸದನದ ಮೊದಲ ದೊಡ್ಡ ಮತಕ್ಕೆ, ಬಂದಾಗ ಪರವಾಗಿ ಮತ ಹಾಕಿದ್ದವರು ಅವರು. ಆ ಸದನದ ಕೊನೆಯ ಮತವಾದ ಮೂರನೇ ಓದಿನಲ್ಲಿ ಮತ ಹಾಕಿರಲಿಲ್ಲ, ಅದನ್ನು ಕೇಳಿದ್ದರೆ ನ್ಯಾಯ ಇತ್ತು. ಮನಸ್ಸಿನೊಳಗೆ ಕೈ ಹಾಕಿ ಕೇಳಿದ್ದು ನನಗೆ ಸರಿ ಕಾಣಲಿಲ್ಲ. 2017ರ ಜೂನ್‌ನಲ್ಲಿ, ನಾಯಕನಾಗಿಯೂ ನಿಷ್ಠ ಕ್ರೈಸ್ತನಾಗಿಯೂ ಒಟ್ಟಿಗೆ ಇರುವುದು ಆಗುತ್ತಿಲ್ಲ ಅಂತ ಹೇಳಿ ನಾಯಕತ್ವ ಬಿಟ್ಟರು. ಸಂಸದರಾಗಿ ಉಳಿದರು, ಆಮೇಲೂ ಕ್ಷೇತ್ರದ ಜನ ಅವರನ್ನೇ ಆರಿಸಿದ್ದಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ನಂಬದವರಿಗೆ ಪ್ರಮಾಣವಚನದಲ್ಲೇ ಬಾಗಿಲು ಹಾಕಿದ್ದ ಕತೆಯನ್ನು ಗಂಡನಿಗೆ ಓದಿ ಹೇಳಿದೆ. ಅವರಿಗೆ ಅದು ಗೊತ್ತಿರಲಿಲ್ಲ, ನನಗೂ ಇರಲಿಲ್ಲ. ಫ್ಯಾರನ್ ಅವರದನ್ನೂ ಓದಿದೆ. ಪ್ರತಿನಿಧಿಯ ಎದುರು ನಿಂತು "ನನ್ನ ತಂಗಿ ಪಾಪಿಯಾ?" ಅಂತ ಕೇಳಬೇಕು ಅಂದುಕೊಂಡಿದ್ದೆ. ಈಗ ಬೇಡ ಅನಿಸುತ್ತಿದೆ. ಹಾಗಾದರೆ ಏನು ಕೇಳಲಿ? ಕ್ಷೇತ್ರದ ಜನರ ಜೊತೆ ಅವರ ಸಭೆ ಇನ್ನೇನು ಬರುತ್ತದೆ. ತಂಗಿಯ ಅರ್ಜಿಯನ್ನೂ ಕೊಡಬೇಕು.

ಉತ್ತರ 2 ಬರೆದವರು

ಮೂರನೇ ಉತ್ತರದವರ ಮಾತನ್ನು ನಾನು ತಳ್ಳಿಹಾಕಲಾರೆ. ಹಕ್ಕನ್ನು ಕಿತ್ತುಕೊಳ್ಳುವ ಮತ ಹಾಕಿದವರು, ಕಚೇರಿಯಲ್ಲಿ ಎಷ್ಟೇ ಚೆನ್ನಾಗಿ ನಡೆದುಕೊಂಡರೂ, ಆ ಮನುಷ್ಯನನ್ನು ಸಮಾನವಾಗಿ ಪ್ರತಿನಿಧಿಸಿದರು ಅಂತ ನಾನು ಹೇಳುವುದಿಲ್ಲ. ಆದರೆ ಎಲ್ಲ ಆತ್ಮಸಾಕ್ಷಿಯ ಮತಗಳೂ ಆ ಬಗೆಯವಲ್ಲ. ಬ್ರಿಟನ್ನಿನಲ್ಲಿ ಸಾಯುವ ಹಂತದ ರೋಗಿಗಳು ಬಯಸಿದರೆ ಸಾಯಲು ನೆರವು ಕೊಡುವ ಮಸೂದೆ 2024ರ ನವೆಂಬರ್ 29ರಂದು ಕೆಳಮನೆಯಲ್ಲಿ 330-275ರಲ್ಲಿ ಎರಡನೇ ಓದು ದಾಟಿತು. 2025ರ ಜೂನ್ 20ರಂದು ಮೂರನೇ ಓದಿನಲ್ಲಿ 314-291. ನಂಬಿಕೆಯವರೂ ನಂಬದವರೂ ಎರಡೂ ಕಡೆ ಇದ್ದರು. ದೇವರ ಮಾತೇ ಎತ್ತದೆ, ಅಂಗವಿಕಲರ ಮೇಲೆ, ಬಡ ಮುದುಕರ ಮೇಲೆ ಒತ್ತಡ ಬರಬಹುದು ಅಂತ ವಿರೋಧಿಸಿದವರಿದ್ದರು. ಇಂಥ ಕಡೆ ಪ್ರತಿನಿಧಿಯ ಕಾರಣ ಏನು ಅಂತ ಕೇಳಬೇಕು. "ಬೈಬಲ್ ಹೀಗೆ ಹೇಳುತ್ತದೆ" ಅನ್ನುವುದಷ್ಟೇ ಕಾರಣವಾದರೆ, ಅದನ್ನು ಒಪ್ಪದವರು ತೂಗಿ ನೋಡಲು ಅದರಲ್ಲಿ ಏನೂ ಇರುವುದಿಲ್ಲ. ಅವರ ನಂಬಿಕೆ ಹುಟ್ಟಿಸಿದ ಕಾಳಜಿಯನ್ನು ಎಲ್ಲರಿಗೂ ಅರ್ಥವಾಗುವ ಕಾರಣದಲ್ಲಿ ಹೇಳಿದರೆ, ವಾದ ಮಾಡಬಹುದು, ಬದಲಾಯಿಸಲೂಬಹುದು.

ಬ್ರಿಟನ್ನಿನ ಸಂಸದ ಎಡ್ಮಂಡ್ ಬರ್ಕ್ 1774ರಲ್ಲಿ ಬ್ರಿಸ್ಟಲ್ ಮತದಾರರಿಗೆ, ನಾನು ನಿಮಗೆ ಕೊಡಬೇಕಾದದ್ದು ಶ್ರಮ ಮಾತ್ರ ಅಲ್ಲ, ನನ್ನ ವಿವೇಚನೆ ಕೂಡ ಎಂದಿದ್ದರು. ಆಮೇಲೆ ಕಥೋಲಿಕರ ಮೇಲಿನ ನಿರ್ಬಂಧ ಸಡಿಲಿಸಲು ಬೆಂಬಲ ಕೊಟ್ಟರು. ಅವರು ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚಿನವರು, ಕಥೋಲಿಕರ ಪರ ನಿಂತು ಅವರಿಗೆ ಲಾಭವೇನೂ ಇರಲಿಲ್ಲ. ಬ್ರಿಸ್ಟಲ್‌ನಲ್ಲಿ ಸಿಟ್ಟಾದವರು ಬಹಳ. 1780ರಲ್ಲಿ ಅಲ್ಲಿ ಗೆಲ್ಲುವುದಿಲ್ಲ ಅಂತ ಗೊತ್ತಾಗಿ ಕಣದಿಂದ ಹಿಂದೆ ಸರಿದರು. ತನ್ನವರಲ್ಲದವರಿಗೋಸ್ಕರ ಕ್ಷೇತ್ರ ಕಳೆದುಕೊಂಡ ಪ್ರತಿನಿಧಿ ಅಂದರೆ ನನಗೆ ಅವರೇ ನೆನಪಾಗುತ್ತಾರೆ.

ನೀವು ಸಭೆಯಲ್ಲಿ ಕೇಳಬೇಕಾದದ್ದು ನನಗೆ ಕಾಣುವ ಹಾಗೆ ಹೀಗೆ. ಯಾವ ಯಾವ ವಿಷಯದಲ್ಲಿ ಪಕ್ಷ ಹೇಳಿದರೂ ಕೇಳದೆ ನಿಮ್ಮ ಆತ್ಮಸಾಕ್ಷಿಯಂತೆ ಮತ ಹಾಕುತ್ತೀರಿ? ಈಗಾಗಲೇ ಕಾನೂನಿನಲ್ಲಿ ಸಿಕ್ಕಿರುವ ಯಾವುದಾದರೂ ಹಕ್ಕನ್ನು ವಾಪಸು ಪಡೆಯುವ ಮಸೂದೆ ಬಂದರೆ ಏನು ಮಾಡುತ್ತೀರಿ? ಚರ್ಚಿನಲ್ಲಿ ನಿಮಗೆ ಹೇಳಿದ ಕೆಲಸ ಮತ್ತು ಕಚೇರಿಗೆ ಬಂದ ಅರ್ಜಿ ಒಂದೇ ಸರದಿಯಲ್ಲಿ ಹೋಗುತ್ತವಾ? ಅವರ ಮನಸ್ಸಿನಲ್ಲಿ ಯಾರು ಪಾಪಿ ಅನ್ನುವುದು ಬೇಡ. ಮುಂದಿನ ಸಲ ನಿಲ್ಲುವ ನಾಸ್ತಿಕ ಅಭ್ಯರ್ಥಿಗೂ ಇದೇ ಪ್ರಶ್ನೆ ಕೇಳಿ, ಚರ್ಚಿನ ಬದಲು ಪಕ್ಷದ ಕಚೇರಿ ಅಂತ ಹಾಕಿ. ಆಗ ನಿಮ್ಮ ಗಂಡನಿಗೂ ತಕರಾರು ಇರುವುದಿಲ್ಲ.

ತಂಗಿಯ ಅರ್ಜಿಗೆ ಸಭೆಯವರೆಗೆ ಕಾಯಬೇಡಿ. ಬರೆದೇ ಕೊಡಿ. ಯಾವ ಇಲಾಖೆ, ಕಡತದ ಸಂಖ್ಯೆ, ಯಾವ ದಿನದಿಂದ ನಿಂತಿದೆ, ಯಾವ ಕಾಗದ ಬೇಕು, ಇಷ್ಟು ಒಂದು ಪುಟದಲ್ಲಿ ಇರಲಿ. ಇಬ್ಬರ ಸಂಬಂಧವನ್ನು ಮುಚ್ಚಿಡುವುದೂ ಬೇಡ, ವಿವರಿಸುವುದೂ ಬೇಡ. ಕಡತದಲ್ಲಿ ಇರುವ ಹಾಗೇ ಇಬ್ಬರ ಹೆಸರೂ ಬರೆಯಲಿ. ಸ್ವೀಕರಿಸಿದ ಮುದ್ರೆ ಇರುವ ನಕಲು ಕೇಳಿ ತೆಗೆದುಕೊಳ್ಳಿ. ಒಬ್ಬಳೇ ಹೋಗಲು ಆಗದಿದ್ದರೆ ನೀವು ಜೊತೆಗೆ ಹೋಗಿ. ತಿಂಗಳಾದರೂ ಉತ್ತರ ಬಾರದಿದ್ದರೆ, ಮೊದಲ ಅರ್ಜಿಯ ದಿನಾಂಕ ಹಾಕಿ ಇನ್ನೊಂದು ಕೊಡಿ. ಅದಕ್ಕೂ ಉತ್ತರ ಬಾರದಿದ್ದರೆ ಎರಡರ ನಕಲನ್ನೂ ಕೈಯಲ್ಲಿ ಹಿಡಿದು ಸಭೆಗೆ ಹೋಗಿ.